ಮೇ ತಿಂಗಳ ಮಳೆಗೆ ಜೀನ್ಸ್ ಹಾಕ್ಕೊಂಡು ಹೋದ್ವಿ

"ಏನ್ರವ್ವ ಇದು, ಬೆಟ್ಟಕ್ಕೆ ಹೋಗೋರ ವೇಷನಾ, ಸಿನಿಮಾಕ್ಕೆ ಹೋಗೋರ ವೇಷನಾ?"

ಆಲೂರು ಹತ್ತಿರದ ನಮ್ಮೂರಲ್ಲಿ ಅವತ್ತು ಬೆಳಗ್ಗೆ ದೊಡ್ಡಪ್ಪ ಜಗಲಿ ಮೇಲೆ ಕೂತು ಕೇಳಿದ್ದು ಇಷ್ಟೇ. ನಾವು ನಕ್ಕೆವು. ನಾನು, ಚಿಕ್ಕಪ್ಪನ ಮಗಳು, ಅವಳ ಆಫೀಸಿನ ಇಬ್ಬರು ಗೆಳತಿಯರು, ಒಟ್ಟು ನಾಲ್ವರು. ನಾಲ್ಕೂ ಜನ ಜೀನ್ಸ್, ಹತ್ತಿ ಟೀ ಶರ್ಟು. ಬ್ಯಾಗಲ್ಲಿ ಒಂದು ಮಡಚೋ ಛತ್ರಿ, ಎರಡು ಪ್ಯಾಕೆಟ್ ಚಿಪ್ಸು, ಪವರ್ ಬ್ಯಾಂಕು. ಮೇ ತಿಂಗಳ ಎರಡನೇ ಶನಿವಾರ. ಭರಣಿ ಮಳೆ ಮುಗಿದು ಕೃತ್ತಿಕೆ ಶುರುವಾಗೋ ಹೊತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಇಂಥ ಬಿಸಿಲಲ್ಲಿ ರೇನ್‌ಕೋಟ್ ಹೊತ್ತುಕೊಂಡು ಹೋಗೋರು ಯಾರು ಹೇಳಿ?

"ಆಲೂರಲ್ಲಿ ಬಿಸಿಲು ಅಂತ ಘಟ್ಟದಂಚಿಗೆ ಹಂಗೇ ಹೋಗಬಾರ್ದು ಕಣವ್ವ" ಅಂದರು ದೊಡ್ಡಪ್ಪ. ಒಳಗೆ ಹೋಗಿ ಒಂದು ಹಳೇ ಕಂಬಳಿ ತಂದು ಕಾರಿನ ಡಿಕ್ಕಿಗೆ ಹಾಕಿದರು. ಕುರಿ ವಾಸನೆ ಹೊಡೆಯುತ್ತಿತ್ತು. ತಂಗಿ ಮೂಗು ಮುಚ್ಚಿಕೊಂಡಳು.

ಸಂಜೆ ಹೊತ್ತಿಗೆ ಅದೇ ಕಂಬಳಿಯೊಳಗೆ ಅವಳು ಮುದುರಿಕೊಂಡು ಕೂತಿದ್ದಳು.

ಗುಡ್ಡದ ಮೇಲೆ ಏನಾಯ್ತು

ಹಾನುಬಾಳು ದಾಟಿ ಮೇಕನಗದ್ದೆಯ ಬೆಟ್ಟದ ಭೈರವೇಶ್ವರ ದೇವಸ್ಥಾನಕ್ಕೆ ಹೋಗಿ, ಕೈಮುಗಿದು, ಪಾಂಡವರ ಗುಡ್ಡದ ಕಡೆ ನಡೆದೆವು. ಅಲ್ಲಿಗೆ ಹೋದವರಿಗೆ ಗೊತ್ತು, ಗುಡ್ಡದ ನೆತ್ತಿ ಪೂರಾ ಬೋಳು ಹುಲ್ಲುಗಾವಲು. ಮರ ಇರೋದು ಕೆಳಗೆ, ಕಣಿವೆಗಳಲ್ಲಿ. ಹತ್ತುವಾಗ ಬೆವರು ಸುರಿದು ಟೀ ಶರ್ಟು ಬೆನ್ನಿಗಂಟಿತ್ತು. ಗಮನಿಸಿ, ಮಳೆ ಬರೋ ಮೊದಲೇ ನಾವು ಅರ್ಧ ಒದ್ದೆಯಾಗಿದ್ದೆವು.

ಮೂರು ಗಂಟೆ ಹೊತ್ತಿಗೆ ಪಶ್ಚಿಮದಲ್ಲಿ ಒಂದು ಮೋಡ ಎದ್ದಿತು. ಫೋಟೊ ತೆಗೆದೆವು. ಇಪ್ಪತ್ತು ನಿಮಿಷಕ್ಕೆ ಅದು ನಮ್ಮ ತಲೆ ಮೇಲಿತ್ತು. ಮೊದಲು ತಣ್ಣನೆ ಗಾಳಿ ಬೀಸಿತು. ಆಮೇಲೆ ದಪ್ಪ ಹನಿ, ಆಮೇಲೆ ಆಲಿಕಲ್ಲು. ಛತ್ರಿ ಮೊದಲನೇ ಗಾಳಿಗೇ ಹಿಂದುಮುಂದಾಗಿ ಕಡ್ಡಿ ಮುರಿಯಿತು. ಗುಡುಗು ಎಲ್ಲಿಂದ ಬರ್ತಿದೆ ಅಂತ ತಿಳಿಯುತ್ತಿರಲಿಲ್ಲ, ನಾಲ್ಕೂ ಕಡೆಯಿಂದ ಬಂದ ಹಾಗಿತ್ತು.

ಇಳಿಯೋಕೆ ಶುರು ಮಾಡಿದೆವು. ಜೀನ್ಸ್ ನೀರು ಕುಡಿದು ಮೊಣಕಾಲು ಮಡಚೋಕೆ ಬಿಡುತ್ತಿರಲಿಲ್ಲ. ತಂಗಿ ಗಡಗಡ ನಡುಗುತ್ತಿದ್ದಳು. ಸಣ್ಣ ಮೈಯವಳು, ಬೆಳಗ್ಗೆ ತಿಂಡಿಯನ್ನೂ ಸರಿಯಾಗಿ ತಿಂದಿರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಅವಳ ಮಾತು ನಿಂತಿತು. ಕರೆದರೆ "ಹೂಂ" ಅಂದಳು, ಅದೂ ನಾಲಿಗೆ ದಪ್ಪವಾದವರ ಥರ. ಸಮತಟ್ಟು ಜಾಗದಲ್ಲಿ ಎರಡು ಸಲ ಎಡವಿದಳು. ಬ್ಯಾಗಿನ ಜಿಪ್ ಎಳೆಯೋಕೆ ಅವಳ ಬೆರಳಿಗೆ ಆಗಲಿಲ್ಲ. ನಾನು ಸುಸ್ತು ಅಂದುಕೊಂಡೆ. ನಿಜ ಹೇಳಬೇಕಂದ್ರೆ, "ಬೇಗ ಬಾರೇ" ಅಂತ ಗದರಿದೆ ಕೂಡ. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತೆ.

ಕೆಳಗೆ ದಾರಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ತಲೆಯಿಂದ ಮಂಡಿತನಕ ಪ್ಲಾಸ್ಟಿಕ್ ಕೊಪ್ಪೆ, ಒಳಗೆ ಕಂಬಳಿ. ಅವಳ ಮುಖ ಒಂದು ಸಲ ನೋಡಿ, "ಈ ಹುಡ್ಗಿಗೆ ಶೀತ ಒಳಕ್ಕೆ ಹೋಗೈತೆ, ಮೊದಲು ಬಟ್ಟೆ ಬಿಚ್ಚಿಸ್ರಿ" ಅಂದರು. ಅವರ ಮನೆ ಹತ್ತಿರದಲ್ಲೇ ಇತ್ತು. ಅವರ ಹೆಂಡತಿ ತಂಗಿಯ ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ತಮ್ಮ ಸೀರೆ ಸುತ್ತಿದರು. ನಾನು ಕಾರಿಗೆ ಓಡಿ ದೊಡ್ಡಪ್ಪನ ಕಂಬಳಿ ತಂದೆ. ಒಲೆ ಉರಿಯುತ್ತಿತ್ತು. ನಾನು ಅವಳ ಕೈ ಹಿಡಿದು ಉಜ್ಜೋಕೆ ಹೋದೆ. "ಉಜ್ಜಬೇಡ ಮಗಾ, ಬೆಂಕಿ ಹತ್ರಾನೂ ಕೂರಿಸಬೇಡ. ಮೈ ತಾನಾಗೇ ಬಿಸಿ ಆಗ್ಲಿ" ಅಂದರು ಅಜ್ಜಿ. ಬೆಲ್ಲದ ಕಾಫಿ ಕೊಟ್ಟರು, ಗುಟುಕು ಗುಟುಕಾಗಿ. ಅರ್ಧ ಗಂಟೆ ಕಳೆದ ಮೇಲೆ ತಂಗಿ ಬಾಯಿ ಬಿಟ್ಟು ಹೇಳಿದ ಮೊದಲ ಮಾತು: "ಅಕ್ಕ, ಕಂಬಳಿ ವಾಸನೆ."

ನಾನು ಅಲ್ಲೇ ಅತ್ತುಬಿಟ್ಟೆ.

ಹಿಮ ಇಲ್ಲದ ಊರಲ್ಲೂ ಹೀಗಾಗುತ್ತಾ?

ಮರುದಿನ ಡಾಕ್ಟರ್ ಹತ್ತಿರ ಹೋದಾಗ ಅವರು ಹೇಳಿದ ಪದ ಹೈಪೋಥರ್ಮಿಯಾ. ನಮ್ಮ ಮೈಯ ಒಳಗಿನ ಬಿಸಿ ಸುಮಾರು 37 ಡಿಗ್ರಿ ಇರಬೇಕು. 35ಕ್ಕಿಂತ ಕೆಳಗಿಳಿದರೆ ಈ ಸ್ಥಿತಿ ಅಂತ ಲೆಕ್ಕ. ತಂಗಿಯದ್ದು ಶುರುವಿನ ಹಂತ ಇರಬಹುದು ಅಂದರು. ಮೊದಲು ನಡುಕ, ಆಮೇಲೆ ಎಡವೋದು, ಮಾತು ತೊದಲೋದು, ಕೈಯಿಂದ ವಸ್ತು ಜಾರೋದು, ಮಂಕಾಗೋದು. ಬಟ್ಟೆ ಒದ್ದೆ ಇದ್ದೂ ನಡುಕ ತಾನಾಗೇ ನಿಂತರೆ ಸುಧಾರಿಸಿತು ಅಂತ ತಿಳಿಯಬೇಡಿ, ಅದು ಇನ್ನೂ ಅಪಾಯದ ಹಂತ. ಅಂಥವರನ್ನ ನಡೆಸದೆ, ಮಲಗಿಸಿ ಬೆಚ್ಚಗಿಟ್ಟು ಆಸ್ಪತ್ರೆಗೆ ಸಾಗಿಸಬೇಕು.

ಇದು ಹಿಮಾಲಯದ ಕಾಯಿಲೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಲೆಕ್ಕ ನೋಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತೆ. ಸಕಲೇಶಪುರ ಪಟ್ಟಣವೇ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗುಡ್ಡಗಳು ಅದಕ್ಕೂ ಎತ್ತರ. ಪ್ರತಿ 100 ಮೀಟರ್ ಏರಿದ ಹಾಗೂ ಉಷ್ಣತೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತೆ. ಅದರ ಮೇಲೆ ಗಾಳಿ, ಆಲಿಕಲ್ಲು, ಒದ್ದೆ ಹತ್ತಿ, ಖಾಲಿ ಹೊಟ್ಟೆ.

ಔಲಿ, ಗುಲ್ಮಾರ್ಗ್ ಕಡೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುವವರಿಗೂ ಇದೇ ತಲೆನೋವು. ಕಡು ಚಳಿಗಾಲದ ಹಿಮ ಒಣ ಪುಡಿ, ಕೊಡವಿದರೆ ಉದುರಿ ಹೋಗುತ್ತೆ. ವಸಂತ ಬಂತು ಅಂದ್ರೆ ಹಿಮ ಒದ್ದೆಯಾಗಿ ಬಟ್ಟೆಗೆ ಅಂಟಿ ಕರಗುತ್ತೆ, ಒಮ್ಮೊಮ್ಮೆ ಮಳೆಯೇ ಸುರಿಯುತ್ತೆ. ಒಣ ಚಳಿಗಿಂತ ಒದ್ದೆ ಚಳಿಗೆ ಬಟ್ಟೆ ಹಾಕೋದು ಕಷ್ಟ. ನಮ್ಮ ಕಡೆ ಹಿಮ ಇಲ್ಲ ಅನ್ನೋದು ಬಿಟ್ಟರೆ ಸಮಸ್ಯೆ ಒಂದೇ: ಹತ್ತುವಾಗ ಒಳಗಿಂದ ಬೆವರು, ಇಳಿಯುವಾಗ ಹೊರಗಿಂದ ನೀರು.

ಜುಲೈಗಿಂತ ಮೇ ಯಾಕೆ ಮೋಸ ಮಾಡುತ್ತೆ

ಜುಲೈನಲ್ಲಿ ಸಕಲೇಶಪುರಕ್ಕೆ ಹೋಗುವವರು ಒದ್ದೆ ಆಗೋಕೆ ಅಂತಲೇ ತಯಾರಾಗಿ ಹೋಗ್ತಾರೆ. ಮಾರ್ಚ್‌ನಿಂದ ಮೇವರೆಗಿನ ಮಳೆ ಹಾಗಲ್ಲ. ಮಾರ್ಚ್-ಏಪ್ರಿಲ್‌ನ ಮಳೆ ಕಾಫಿ ತೋಟದವರಿಗೆ ಹೂ ಮಳೆ. ಅದು ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಪೂರಾ ಬೆಳ್ಳಗೆ, ಮಲ್ಲಿಗೆ ಥರ ಘಮ. ಹೂವು ಕಚ್ಚಿ ಕಾಯಿ ನಿಲ್ಲೋಕೆ ಆಮೇಲೊಂದು ಮಳೆ ಬೇಕು. ಹಾಗಾಗಿ ಈ ಮಳೆಯನ್ನ ಊರವರು ಬೈಯೋದಿಲ್ಲ, ಕಾಯ್ತಾರೆ.

ಆದರೆ ಇದು ಸೋನೆ ಮಳೆ ಅಲ್ಲ, ಗುಡುಗು ಮಳೆ. ಬೆಳಗಿನ ಬಿಸಿಲಿಗೆ ನೆಲ ಕಾದು, ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ, ಮಧ್ಯಾಹ್ನದ ಮೇಲೆ ಮೋಡ ಗೋಪುರದ ಹಾಗೆ ಏಳುತ್ತೆ. ಆ ಮೋಡದೊಳಗಿಂದ ತಣ್ಣನೆ ಗಾಳಿ ಮಳೆಯ ಜತೆ ಕೆಳಗೆ ಅಪ್ಪಳಿಸುತ್ತೆ. ಕೆಲವೇ ನಿಮಿಷದಲ್ಲಿ ಬೇಸಿಗೆ ಹೋಗಿ ಚಳಿಗಾಲ ಬಂದ ಹಾಗಾಗೋದು ಅದಕ್ಕೇ. ಆಲೂರಿಂದ ಬಾಳ್ಳುಪೇಟೆ ದಾಟಿ ಸಕಲೇಶಪುರ, ಅಲ್ಲಿಂದ ಹೆತ್ತೂರು, ಬಿಸಿಲೆ ಕಡೆ ಹೋಗ್ತಾ ಹೋಗ್ತಾ ಮಳೆ ಜಾಸ್ತಿ. ಒಂದೇ ದಿನ, ಒಂದೇ ಜಿಲ್ಲೆ, ಅಲ್ಲಿ ಬಿಸಿಲು, ಇಲ್ಲಿ ಆಲಿಕಲ್ಲು. ದೊಡ್ಡಪ್ಪ ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚಿರಲಿಲ್ಲ.

ಅದಕ್ಕೇ ಮೇ ತಿಂಗಳಲ್ಲಿ ಬಟ್ಟೆಗಿಂತ ಮೊದಲು ಗಡಿಯಾರ. ನಸುಕಿನಲ್ಲಿ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಗುಡ್ಡ ಇಳಿದಿರಬೇಕು. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಬೋಳು ನೆತ್ತಿ ಬಿಟ್ಟು ತಕ್ಷಣ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕಾರಿನೊಳಗೋ ಗಟ್ಟಿ ಕಟ್ಟಡದೊಳಗೋ ಸೇರಿಕೊಂಡು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಮತ್ತೆ ಹತ್ತಬೇಡಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ. ಹೊರಡೋ ಮೊದಲೇ ಹಾಕಿಕೊಳ್ಳಿ. ಗುಡ್ಡದ ಮೇಲೆ ನೆಟ್‌ವರ್ಕ್ ಹುಡುಕುತ್ತಾ ನಿಲ್ಲೋದು ಉಪಯೋಗಕ್ಕೆ ಬರೋಲ್ಲ.

ಕೊಪ್ಪೆ ಯಾಕೆ ಇನ್ನೂ ಉಳಿದಿದೆ

ಆ ಘಟನೆ ಆದ ಮೇಲೆ ನಾನು ಮಾಡಿದ ಮೊದಲ ಕೆಲಸ, ಬೆಂಗಳೂರಿಗೆ ಬಂದು ದುಬಾರಿ ಜಾಕೆಟ್ ಕೊಂಡದ್ದು. ಗಾಳಿಯಾಡುವ, ನೀರು ಬಿಡದ ಪದರದ್ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಟೆಫ್ಲಾನ್ ಜಾತಿಯ ವಸ್ತುವನ್ನ (ನಮ್ಮ ದೋಸೆ ತವಾ ಮೇಲಿನ ಲೇಪ ಇದೆಯಲ್ಲ, ಅದೇ) ರಪ್ಪನೆ ಜಗ್ಗಿದಾಗ ಅದು ಹರಿಯದೆ ಹಿಗ್ಗಿ, ಸೂಕ್ಷ್ಮ ರಂಧ್ರಗಳ ಪದರ ಆಯ್ತು. ನೀರಿನ ಹನಿ ಆ ರಂಧ್ರದೊಳಗೆ ನುಗ್ಗೋಲ್ಲ, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತೆ. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ.

ಮುಂದಿನ ಜೂನ್‌ನಲ್ಲಿ ಅದನ್ನ ಹಾಕಿಕೊಂಡು ಬಿಸಿಲೆ ಕಡೆ ನಡೆದೆ. ಒಂದು ಗಂಟೆಗೆ ಒಳಗೆಲ್ಲ ಬೆವತು ನೀರಾದೆ. ಜಾಕೆಟ್ ಸೋರುತ್ತಿದೆ ಅಂತ ಅಂಗಡಿಯವರನ್ನ ಬೈದುಕೊಂಡೆ. ಆಮೇಲೆ ತಿಳಿಯಿತು, ಸೋರುತ್ತಿರಲಿಲ್ಲ. ಬೆವರಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು. ಮಲೆನಾಡಿನ ಮಳೆಯಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿ ತುಳುಕುತ್ತಿರುತ್ತೆ, ಆವಿ ಎಲ್ಲಿಗೆ ಹೋಗಬೇಕು? ಚಳಿ ದೇಶದ ಬೆಟ್ಟಕ್ಕೆ ಹೊಲಿದ ಅಂಗಿ ಬಿಸಿ ದೇಶದ ಮಳೆಗೆ ಅರ್ಧ ಮಾತ್ರ ಹೊಂದುತ್ತೆ.

ಊರಲ್ಲಿ ದೊಡ್ಡಮ್ಮನ ಜತೆ ಗದ್ದೆಗೆ ಹೋದಾಗ ಕೊಪ್ಪೆಯನ್ನ ಹೊಸ ಕಣ್ಣಲ್ಲಿ ನೋಡಿದೆ. ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಏರಿಸಿದರೆ ಟೊಪ್ಪಿ. ಉಳಿದದ್ದು ಬೆನ್ನ ಮೇಲೆ ಇಳಿಬೀಳುತ್ತೆ. ಮುಂದೆ ಪೂರ್ತಿ ತೆರೆದಿರುತ್ತೆ. ಬಗ್ಗಿ ನಾಟಿ ಮಾಡುವಾಗ ಮಳೆ ಬೀಳೋದು ಬೆನ್ನಿಗೆ, ಬೆವರು ಹೋಗೋದು ಮುಂದಿನಿಂದ. ಎಲೆ ಮತ್ತು ಬಿದಿರಿನಲ್ಲಿ ಹೆಣೆಯುತ್ತಿದ್ದ ಹಳೇ ಗೊರಬಿನದ್ದೂ ಇದೇ ಲೆಕ್ಕ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಎಳೆಯೊಳಗೇ ಹೀರಿಕೊಂಡರೂ ಮುಟ್ಟಿದರೆ ಅಷ್ಟು ಒದ್ದೆ ಅನ್ನಿಸೋಲ್ಲ, ಬಿಸಿಯನ್ನೂ ಪೂರ್ತಿ ಬಿಟ್ಟುಕೊಡೋಲ್ಲ. ಚಳ್ಳಕೆರೆಯ ಕಂಬಳಿ ಮಲೆನಾಡಿನ ಮಳೆಯಲ್ಲಿ ಬಾಳುತ್ತೆ ಅಂದ್ರೆ ಸುಮ್ಮನೆ ಅಲ್ಲ. ಅದರ ಕಷ್ಟ ಒಂದೇ, ಭಾರ. ನೆನೆದ ಕಂಬಳಿ ಹೊತ್ತು ಗುಡ್ಡ ಹತ್ತೋಕೆ ನಮ್ಮಂಥ ಕುರ್ಚಿ ಕೆಲಸದವರಿಗೆ ಆಗೋಲ್ಲ. ಅದಕ್ಕೇ ಈಗ ತೋಟದ ಕೆಲಸದವರೆಲ್ಲ ಪ್ಲಾಸ್ಟಿಕ್ ಕೊಪ್ಪೆಗೆ ಬಂದಿದ್ದಾರೆ.

ಈಗ ನಾನು ಹಾಕೋದು ಏನು

ಎರಡು ಮಳೆಗಾಲದ ತಪ್ಪುಗಳ ಮೇಲೆ ಕಲಿತದ್ದು ಇದು. ಇದನ್ನೇ ಕೊಳ್ಳಿ ಅಂತ ಅಲ್ಲ, ಯಾಕೆ ಅನ್ನೋದು ಗೊತ್ತಿದ್ರೆ ಮನೆಯಲ್ಲಿರೋದರಲ್ಲೇ ಅರ್ಧ ಆಗುತ್ತೆ.

ಮೈಗೆ ತಾಗುವ ಬಟ್ಟೆ: ಹತ್ತಿ ಬೇಡ. ಜಿಮ್‌ಗೆ, ಕ್ರಿಕೆಟ್‌ಗೆ ಹಾಕುವ ತೆಳು ಪಾಲಿಯೆಸ್ಟರ್ ಟೀ ಶರ್ಟು ಸಾಕು. ನೆನೆದರೂ ಹಿಂಡಿದರೆ ಹಗುರ. ಬೇಸಿಗೆಯ ಬೆಂಗಳೂರಿಗೆ ಹತ್ತಿಯಂಥ ಬಟ್ಟೆ ಇನ್ನೊಂದಿಲ್ಲ, ಆದರೆ ಒದ್ದೆ ಗುಡ್ಡದಲ್ಲಿ ಅದು ನೀರಿನ ಕೊಡ.

ನಡುವಿನ ಬಟ್ಟೆ: ತೆಳು ಫ್ಲೀಸ್ ಅಥವಾ ಅಮ್ಮ ಹೆಣೆದ ಉಣ್ಣೆ ಸ್ವೆಟರ್. ಇದನ್ನ ಹತ್ತುವಾಗ ಹಾಕಬೇಡಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಆಗಲೇ ಬೆವರು ಕಡಿಮೆ. ಬ್ಯಾಗಿನೊಳಗೆ ಒಣಗಿದ ಹಾಗೇ ಇಟ್ಟು, ನಿಂತ ತಕ್ಷಣ ಹಾಕಿಕೊಳ್ಳಿ.

ಹೊರಗಿನದ್ದು: ಕಂಕುಳ ಕೆಳಗೆ ಜಿಪ್ ಇರುವ ಸಡಿಲ ರೇನ್ ಜಾಕೆಟ್. ಪದರದ ಹೆಸರಿಗಿಂತ ಗಾಳಿ ಆಡೋಕೆ ಬಾಗಿಲು ಇದೆಯಾ ನೋಡಿ. ಚೀಟಿಯ ಮೇಲೆ 5,000, 10,000 ಮಿಲಿಮೀಟರ್ ಅಂತ ಬರೆದಿರುತ್ತೆ. ಅಷ್ಟು ಎತ್ತರದ ನೀರಿನ ಕಂಬದ ಒತ್ತಡ ತಡೆಯುತ್ತೆ ಅಂತ ಅರ್ಥ. ಬ್ಯಾಗಿನ ಪಟ್ಟಿ ಒತ್ತುವ ಹೆಗಲಿನ ಹತ್ತಿರ ನೀರು ಮೊದಲು ನುಗ್ಗೋದರಿಂದ ಗುಡುಗು ಮಳೆಗೆ ದೊಡ್ಡ ಸಂಖ್ಯೆ ಒಳ್ಳೆಯದು. ಹೊಲಿಗೆಯ ಒಳಭಾಗಕ್ಕೆ ಟೇಪ್ ಅಂಟಿಸಿದ್ದಾರಾ ನೋಡಿ. ತೋಟದ ರಸ್ತೆಯಲ್ಲಿ ನಿಧಾನ ನಡೆಯೋಕೆ ಪೊಂಚೋ, ಅಂದ್ರೆ ನಮ್ಮ ಕೊಪ್ಪೆಯ ತಂಗಿ, ಇನ್ನೂ ವಾಸಿ, ಬ್ಯಾಗೂ ಮುಚ್ಚುತ್ತೆ. ಆದರೆ ಬೋಳು ನೆತ್ತಿಯ ಗಾಳಿಗೆ ಅದು ಹಾಯಿಯಾಗಿ ನಿಮ್ಮನ್ನೇ ಎಳೆಯುತ್ತೆ.

ಕಾಲಿಗೆ: ಜೀನ್ಸ್ ಮನೆಯಲ್ಲೇ ಇರಲಿ. ತೆಳು ನೈಲಾನ್ ಪ್ಯಾಂಟು. ವಾಟರ್‌ಪ್ರೂಫ್ ಶೂ ನನಗೆ ಆಗಿಬರಲಿಲ್ಲ. ಮೇಲಿನಿಂದ ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿಯೇ ಇಲ್ಲ, ಎರಡು ಬಕೆಟ್ ಹೊತ್ತು ನಡೆದ ಹಾಗೆ. ಒಳ್ಳೆ ಹಿಡಿತದ ಅಟ್ಟೆ ಇರುವ, ನೀರು ಬಸಿದು ಹೋಗುವ ಶೂ ಮೇಲು, ಹಾವಸೆ ಕಟ್ಟಿದ ಬಂಡೆ ಮೇಲೆ ಹಿಡಿತವೇ ಪ್ರಾಣ. ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ ಉಣ್ಣೆಯ ಕಾಲುಚೀಲ ಹಾಕಿದರೆ ಬೆರಳ ಸಂದು ಬೇಗ ಬಿರಿಯೋಲ್ಲ. ನಾಲ್ಕು ಮಳೆ ಬಿದ್ದ ಮೇಲೆ ಇಂಬಳಗಳೂ ಏಳುತ್ತವೆ. ಮೊಣಕಾಲವರೆಗಿನ ಒತ್ತು ನೇಯ್ಗೆಯ ಇಂಬಳದ ಚೀಲ ತೊಟ್ಟು ಪ್ಯಾಂಟನ್ನ ಅದರೊಳಗೆ ತುರುಕಿ. ಕಚ್ಚಿದ ಕಡೆ ರಕ್ತ ಬೇಗ ನಿಲ್ಲದಿದ್ರೆ ಹೆದರಬೇಡಿ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋದು ಅದರ ಎಂಜಲಿನ ಗುಣ.

ಬ್ಯಾಗಿನೊಳಗೆ: ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ ಒಂದು ಜತೆ ಒಣ ಬಟ್ಟೆ, ಟೊಪ್ಪಿ, ಕಾಲುಚೀಲ. ಇದು ‘ಮುಟ್ಟಬಾರದ ಗಂಟು’. ಎಷ್ಟೇ ಆಸೆ ಆದ್ರೂ ನಿಂತು ನೆಲೆಯಾಗೋವರೆಗೆ ಬಿಚ್ಚಬೇಡಿ. ಬ್ಯಾಗಿನ ಮೇಲಿನ ಹೊದಿಕೆ ನಂಬಬೇಡಿ, ಒಳಗಿನ ಚೀಲ ನಂಬಿ. ಜತೆಗೆ ಕಡಲೆ ಮಿಠಾಯಿ, ಬೆಲ್ಲ, ಫ್ಲಾಸ್ಕಲ್ಲಿ ಬಿಸಿ ಕಾಫಿ. ಮೈ ಬಿಸಿ ಇರೋಕೆ ಒಲೆಗೆ ಸೌದೆ ಬೇಕಲ್ಲ. ಬ್ರಾಂಡಿ ಕುಡಿದರೆ ಬೆಚ್ಚಗಾಗುತ್ತೆ ಅನ್ನೋ ಗೆಳೆಯರ ಮಾತು ಕೇಳಬೇಡಿ. ಚರ್ಮಕ್ಕೆ ಬಿಸಿ ಅನ್ನಿಸುತ್ತೆ ಅಷ್ಟೇ, ಒಳಗಿನ ಬಿಸಿ ಅಲ್ಲಿಂದಲೇ ಸೋರಿಹೋಗುತ್ತೆ.

ವಾಪಸ್ ಬಂದ ಮೇಲೆ: ಜಾಕೆಟ್‌ನ ಹೊರಮೈ ನೀರು ಹೀರಿ ಕಪ್ಪಗಾಗುತ್ತಿದ್ರೆ ಕೊಳೆ ಕೂತಿದೆ ಅಂತ ತಿಳಿಯಿರಿ. ಸೌಮ್ಯ ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಾಡಿಸಿ, ಕಂಫರ್ಟ್ ಥರದ್ದು ಹಾಕಬೇಡಿ. ಊರಲ್ಲಾದ್ರೆ ಬಚ್ಚಲ ಒಲೆ ಮುಂದೆ ಹಗ್ಗ ಕಟ್ಟಿ ಒಣಗಿಸೋದು ರೂಢಿ, ಪ್ಲಾಸ್ಟಿಕ್ ಬಟ್ಟೆಯನ್ನ ಮಾತ್ರ ಒಲೆಯಿಂದ ದೂರ ಇಡಿ. ನಂದೊಂದು ತೋಳು ಸುಟ್ಟು ಚಕ್ಕುಲಿ ಆಗಿದೆ.

ಬಟ್ಟೆ ಕಾಯದ ಕೆಲವು ಸಂಗತಿ

ಆಲೂರು-ಸಕಲೇಶಪುರ ಅಂದ್ರೆ ಆನೆ ಓಡಾಡುವ ಜಾಗ. ಟೊಪ್ಪಿ ಎಳೆದುಕೊಂಡು, ಪ್ಲಾಸ್ಟಿಕ್ ಮೇಲೆ ಮಳೆ ಬಡಿಯುವಾಗ ಹತ್ತು ಹೆಜ್ಜೆ ದೂರದ ಸದ್ದೂ ಕೇಳೋಲ್ಲ. ಆಗಾಗ ನಿಂತು, ಟೊಪ್ಪಿ ತೆಗೆದು ಕೇಳಿಸಿಕೊಳ್ಳಿ. ಗಾಢ ಬಣ್ಣದ ಜಾಕೆಟ್ ಹಾಕಿದರೆ ಮಂಜಿನಲ್ಲಿ ಜತೆಯವರಿಗೆ ಕಾಣ್ತೀರಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆ ಊರವರ ಫೋನಿಗೆ ಸಂದೇಶ ಕಳಿಸುತ್ತೆ, ಹೊರಡೋ ಮೊದಲು ಸ್ಥಳೀಯರನ್ನ ಕೇಳಿ. ಕತ್ತಲಾಗುವ ಮೊದಲು ಸೂರು ಸೇರಿ. ಕಾಡಿನ ದಾರಿಗಳಿಗೆ ಅನುಮತಿ ಬೇಕು, ಮಳೆ ಜೋರಿದ್ದಾಗ ಅದೂ ಸಿಗದಿರಬಹುದು. ಸಿಗದಿದ್ರೆ ಕದ್ದು ಹೋಗಬೇಡಿ, ನಿಮ್ಮನ್ನ ಹುಡುಕೋಕೆ ಬರುವವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಇನ್ನೊಂದು ಮಾತು. ಗುಂಪಿನಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದರೆ, ಹಿಂದೆ ಬಿದ್ದರೆ, ಮುನಿಸಿಕೊಂಡವರ ಥರ ಕಂಡರೆ, ಅವರನ್ನ ಗದರಬೇಡಿ. ನಿಲ್ಲಿಸಿ, ಮುಖ ನೋಡಿ, ಹೆಬ್ಬೆರಳಿಗೆ ಕಿರುಬೆರಳು ತಾಗಿಸೋಕೆ ಹೇಳಿ. ಆಗದಿದ್ರೆ ಫೋಟೊ, ಶಿಖರ ಎಲ್ಲ ಅಲ್ಲಿಗೇ ಬಿಡಿ. ಗಾಳಿಗೆ ಮರೆ ಹುಡುಕಿ, ಒಣ ಬಟ್ಟೆ ಹಾಕಿಸಿ, ಎಚ್ಚರವಿದ್ದು ನುಂಗೋಕೆ ಆಗೋದಾದ್ರೆ ಸಿಹಿಯಾದ ಬಿಸಿ ಏನಾದರೂ ಕುಡಿಸಿ. ಇದು ನನಗೆ ಮೊದಲೇ ಗೊತ್ತಿದ್ದಿದ್ರೆ ಆವತ್ತು ತಂಗಿಗೆ ಹಾಗೆ ಬೈಯುತ್ತಿರಲಿಲ್ಲ.

ಕಳೆದ ಮೇನಲ್ಲಿ ನಾವಿಬ್ಬರೂ ಮತ್ತೆ ಪಾಂಡವರ ಗುಡ್ಡಕ್ಕೆ ಹೋದೆವು. ಬೆಳಗ್ಗೆ ಆರಕ್ಕೆ ಹತ್ತಿ, ಹನ್ನೊಂದಕ್ಕೆ ಇಳಿದು, ಆ ಅಜ್ಜ-ಅಜ್ಜಿಯ ಮನೆಗೆ ಹೋಗಿ, ಅವರ ಸೀರೆಯನ್ನೂ ಒಂದು ಹೊಸ ಸೀರೆಯನ್ನೂ ಕೊಟ್ಟೆವು. ಅಜ್ಜಿ ಹಳೇದನ್ನ ಮೊದಲು ಬಿಡಿಸಿ ನೋಡಿ, "ಚೆನ್ನಾಗಿ ಒಗ್ದಿದೀರಿ" ಅಂದರು. ಕಾಫಿ ಕುಡಿಯುತ್ತಿರುವಾಗ ಮೂರು ಗಂಟೆಗೆ ಸರಿಯಾಗಿ ಗುಡುಗಿತು. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ತಂಗಿ ಎದ್ದು ಕಾರಿನ ಹತ್ತಿರ ಓಡಿ, ಡಿಕ್ಕಿಯಿಂದ ದೊಡ್ಡಪ್ಪನ ಕಂಬಳಿ ತಂದು ಹೊದ್ದುಕೊಂಡು ಕೂತಳು. ಚಳಿಯೇನೂ ಇರಲಿಲ್ಲ.